ಉದುರದ ಕಲ್ಲು

“ಅಯ್ಯನವರೇ, ನನ್ನ ನಂಬಿಕೆ ನಿಜವಾದದ್ದೋ ಅಲ್ಲವೋ ಎಂದು ನಾನು ಹೇಗೆ ತಿಳಿಯಲಿ?”

ಕೇಳಿದವನು ಆಮೋಸ. ಕೇಳಿಸಿಕೊಂಡವರು ಸಭಾಪಾಲಕರಾದ ನಾಥಾನಪ್ಪನವರು. ಅಂದು ಶನಿವಾರ. ಇಬ್ಬರೂ ಕೂತಿದ್ದ ಆ ದೇವಾಲಯದಲ್ಲೇ ಮರುದಿನ ಪ್ರಭು ಭೋಜನದ ಆರಾಧನೆ ಇತ್ತು. ಅದೇ ಆರಾಧನೆಯಲ್ಲಿ ಆಮೋಸನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವುದಿತ್ತು. ರೊಟ್ಟಿ ಮುಟ್ಟುವ ಮೊದಲು, ಬಟ್ಟಲಿಗೆ ತುಟಿ ಇಡುವ ಮೊದಲು ಪ್ರತಿಯೊಬ್ಬನೂ ತನ್ನನ್ನು ಪರೀಕ್ಷೆ ಮಾಡಿಕೊಳ್ಳಬೇಕು ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾಡುತ್ತಿರಲಿಲ್ಲ. ಆಮೋಸ ಮಾಡಲು ಹೊರಟಿದ್ದ. ಮೂರು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

“ಏನೇನು ನೋಡಿಕೊಂಡೆ, ಹೇಳು,” ಎಂದರು ಗುರುಗಳು.

“ದೀಕ್ಷಾಸ್ನಾನವಾಗಿ ಹತ್ತೊಂಬತ್ತು ವರ್ಷವಾಯಿತು. ಒಂದು ಭಾನುವಾರವೂ ತಪ್ಪಿಸಿಲ್ಲ. ಪ್ರಾರ್ಥನೆಗೆ ಕೂತರೆ ಕಣ್ಣೀರು ಬರುತ್ತದೆ.”

“ಈರುಳ್ಳಿ ಹೆಚ್ಚಿದರೂ ಬರುತ್ತದೆ. ಮುಂದೆ ಹೇಳು.”

“ಮುತ್ತಜ್ಜನ ಕಾಲದಿಂದ ಮೊದಲ ಬೆಂಚು ನಮ್ಮದು. ಬಟ್ಟಲು ಮೊದಲು ನಮ್ಮ ಮನೆಯವರ ತುಟಿಗೇ ಬರುತ್ತದೆ. ನಾಲ್ಕು ತಲೆಮಾರು ನಾವು ಒಂದಿಷ್ಟೂ ಅಲುಗಾಡಿಲ್ಲ. ಆದರೂ ಒಳಗೆ ಭಯ. ಕಡೆಯ ದಿನ ಪ್ರಭು ನನ್ನ ಮುಖ ನೋಡಿ, ಇವನು ಯಾರು ಎಂದು ಕೇಳಿಬಿಟ್ಟರೆ?”

ಅವನ ಭಯ ನಿಜವಾಗಿತ್ತು. ಅದನ್ನು ಗುರುಗಳು ನೋಡಿದರು.

ಅಷ್ಟರಲ್ಲಿ ಕೇರಿಯ ರೂತವ್ವ ಪೊರಕೆ ಹಿಡಿದು ಬಾಗಿಲಿಗೆ ಬಂದಳು. ನಾಳೆಯ ಆರಾಧನೆಗೆ ದೇವಾಲಯವನ್ನು ಗುಡಿಸುವವಳು ಅವಳೇ. “ಒಳಗೆ ಬರಲೇ ಅಯ್ಯನವರೇ, ಇಲ್ಲ ನಿಮ್ಮ ಮಾತು ಮುಗಿಯಲಿಕ್ಕೆ ಹೊತ್ತಿದೆಯೇ?” ಎಂದು ಕೇಳಿದಳು.

“ಬಾ, ಅವ್ವಾ. ಇದು ನೀನೂ ಕೇಳಬಹುದಾದ ಮಾತೇ.”

ಅವಳು ಒಳಗೆ ಬಂದು ಗುಡಿಸತೊಡಗಿದಳು. ಆಮೋಸ ಕಾಲು ಹಿಂದಕ್ಕೆ ಎಳೆದುಕೊಂಡ. ಎಳೆದುಕೊಂಡದ್ದು ಅವನಿಗೇ ತಿಳಿಯಲಿಲ್ಲ.

ಆ ಸಭೆಯಲ್ಲಿದ್ದ ಬಟ್ಟಲು ಒಂದೇ. ಅದು ಮೊದಲ ಬೆಂಚಿನಿಂದ ಹೊರಟು ಕಡೆಯ ಬೆಂಚಿಗೆ ಹೋಗುತ್ತಿತ್ತು. ಕಡೆಯ ಬೆಂಚಿನಲ್ಲಿ ಕೇರಿಯವರು ಕೂರುತ್ತಿದ್ದರು. ಅವರ ತುಟಿ ತಾಗಿದ ಬಟ್ಟಲು ಮುಂದಿನವರ ತುಟಿಗೆ ಎಂದೂ ಬಂದದ್ದಿಲ್ಲ. ಬರಬಾರದೆಂದು ಯಾರೂ ನಿಯಮ ಮಾಡಿರಲಿಲ್ಲ. ಬೆಂಚುಗಳೇ ಆ ಕೆಲಸ ಮಾಡುತ್ತಿದ್ದವು.

ಗುರುಗಳು ಕತೆ ಶುರು ಮಾಡಿದರು.

“ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನು ಸುಣ್ಣದ ಭಟ್ಟಿಯೊಂದನ್ನು ಕೊಂಡುಕೊಂಡ. ಬಟ್ಟೆಯ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಣ್ಣದ ವಿಷಯ ಗೊತ್ತಿರಲಿಲ್ಲ. ಭಟ್ಟಿಯ ಬೆಂಕಿ ನೋಡಿಕೊಳ್ಳಲು ಒಬ್ಬ ಮುದುಕಿ ಇದ್ದಳು. ಅವಳು ಹುಟ್ಟಿದ್ದೇ ಭಟ್ಟಿಯ ಪಕ್ಕದಲ್ಲಿ.

“ಒಂದು ಪದರ ಇದ್ದಿಲು, ಒಂದು ಪದರ ಸುಣ್ಣದ ಕಲ್ಲು, ಹೀಗೆ ಭಟ್ಟಿ ತುಂಬಿ ಬೆಂಕಿ ಇಡುತ್ತಿದ್ದರು. ಮೂರು ದಿನ ಉರಿದು ಆರಿದ ಮೇಲೆ ಕಲ್ಲುಗಳನ್ನು ಹೊರಗೆ ತೆಗೆಯುತ್ತಿದ್ದರು. ಎಲ್ಲ ಕಲ್ಲೂ ನೋಡಲು ಬೆಳ್ಳಗೇ ಇರುತ್ತಿದ್ದವು. ನಾಲ್ಕು ದಿನ ಗಾಳಿಗಿಟ್ಟರೆ ಕೆಲವು ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತಿದ್ದವು. ಕೆಲವು ಗಟ್ಟಿಯಾಗಿ ನಿಲ್ಲುತ್ತಿದ್ದವು.

“ವ್ಯಾಪಾರಿ ಬಟ್ಟೆಯ ಲೆಕ್ಕದಲ್ಲೇ ಯೋಚಿಸಿದ. ಹರಿದು ಹೋಗುವ ಬಟ್ಟೆ ಕೆಟ್ಟದ್ದು, ಬಾಳಿಕೆ ಬರುವ ಬಟ್ಟೆ ಒಳ್ಳೆಯದು. ಆದ್ದರಿಂದ ಉದುರಿದ್ದನ್ನೆಲ್ಲ ಹಿತ್ತಲಿಗೆ ಎಸೆಯಿರಿ ಎಂದ. ಉದುರದ ಕಲ್ಲುಗಳನ್ನು ಒರೆಸಿ ಅಂಗಡಿಯ ಮುಂದೆ ಸಾಲಾಗಿ ಜೋಡಿಸಿದ. ಅವುಗಳಲ್ಲಿ ದೊಡ್ಡದೊಂದನ್ನು ಬಾಗಿಲ ಪಕ್ಕದಲ್ಲೇ, ನೀರು ತಾಗದಂತೆ ಸೂರಿನ ಕೆಳಗೆ ಇಟ್ಟ. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ. ಮುದುಕಿ ಏನೋ ಹೇಳಲು ಬಂದಳು. ‘ನಿನಗೆ ಬೆಂಕಿ ಗೊತ್ತು, ನನಗೆ ಸರಕು ಗೊತ್ತು, ನಿನ್ನ ಕೆಲಸ ನೋಡು’ ಎಂದು ಬಾಯಿ ಮುಚ್ಚಿಸಿದ. ಅವಳು ತನ್ನ ಕೆಲಸ ನೋಡಿದಳು.

“ಒಂದು ದಿನ ಒಬ್ಬ ಗೌಂಡಿ ಬಂದ. ಅವನು ಒಂದು ಊರಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟುತ್ತಿದ್ದ. ಮಳೆಗೆ ಮುಂಚೆ ಗಾರೆ ಮುಗಿಯಬೇಕಿತ್ತು. ಗಾರೆ ಕೆಟ್ಟರೆ ತೊಟ್ಟಿ ಸೋರುತ್ತದೆ, ಊರು ಬೇಸಿಗೆಯಲ್ಲಿ ಬಾಯಾರಿ ಸಾಯುತ್ತದೆ. ವ್ಯಾಪಾರಿ ಅವನಿಗೆ ಬಾಗಿಲ ಪಕ್ಕದ ಕಲ್ಲು ತೋರಿಸಿದ.

“‘ಇದನ್ನು ನೋಡು, ಗೌಂಡಿ. ಮೂರು ಮಳೆಗಾಲ ಕಂಡಿದೆ. ಒಂದು ಚೂರೂ ಉದುರಿಲ್ಲ.’

“ಗೌಂಡಿ ಕಲ್ಲನ್ನು ನೋಡಲೇ ಇಲ್ಲ. ವ್ಯಾಪಾರಿಯ ಮುಖ ನೋಡಿದ. ‘ಸಾಹುಕಾರರೇ, ಒಂದು ಕೊಡ ನೀರು ತರಿಸಿ,’ ಎಂದ.

“ಮುದುಕಿಯೇ ನೀರು ತಂದಳು. ಗೌಂಡಿ ಅರ್ಧ ಕೊಡ ನೀರನ್ನು ಆ ಕಲ್ಲಿನ ಮೇಲೆ ಸುರಿದ. ಕಲ್ಲು ನೆಂದಿತು. ಮೇಲಿನ ಬಿಳುಪು ಹಾಲಿನಂತೆ ಇಳಿದು ಹೋಯಿತು. ಕೆಳಗೆ ಬೂದು ಬಣ್ಣದ ಕಲ್ಲು, ಗುಡ್ಡದಿಂದ ಕಿತ್ತು ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು.

“‘ಈ ಬಿಳುಪು ಎಲ್ಲಿಂದ ಬಂತು?’ ಎಂದ ವ್ಯಾಪಾರಿ.

“‘ಪಕ್ಕದಲ್ಲಿ ಬೆಂದ ಕಲ್ಲುಗಳ ಪುಡಿ ಮೆತ್ತಿಕೊಂಡಿತ್ತು, ಸಾಹುಕಾರರೇ,’ ಎಂದಳು ಮುದುಕಿ. ‘ಇದು ಭಟ್ಟಿಯ ಅಂಚಿನಲ್ಲಿ ಕೂತಿತ್ತು. ಬೆಂಕಿಯನ್ನು ಕಂಡಿದೆ, ಆದರೆ ಬೆಂದಿಲ್ಲ. ನೀವು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.’

“ಗೌಂಡಿ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದ. ಅಲ್ಲಿ ಹಿಂದಿನ ದಿನ ಎಸೆದಿದ್ದ ಗುಡ್ಡೆಯಲ್ಲಿ ಬಿರುಕು ಬಿಟ್ಟ ಒಂದು ಹೆಂಟೆ ಇತ್ತು. ಉಳಿದ ನೀರನ್ನು ಅದರ ಮೇಲೆ ಸುರಿದ. ಅದು ಭುಸುಗುಟ್ಟಿತು. ಹಬೆ ಎದ್ದಿತು. ಹತ್ತಿರ ಬಾಗಿದ್ದ ವ್ಯಾಪಾರಿ ಮುಖ ಸುಟ್ಟುಕೊಂಡು ಹಿಂದೆ ಸರಿದ. ನೋಡುತ್ತಿದ್ದಂತೆ ಹೆಂಟೆ ಒಡೆದು, ಅರಳಿ, ಮೃದುವಾದ ಬಿಳಿ ಹಿಟ್ಟಾಗಿ ಕೂತಿತು.

“‘ಒಡೆದೇ ಹೋಯಿತಲ್ಲ,’ ಎಂದ ವ್ಯಾಪಾರಿ.

“‘ಬೆಂದಿತ್ತು, ಅದಕ್ಕೇ ಒಡೆಯಿತು. ಒಡೆಯದಿದ್ದರೆ ನಾನು ಗೋಡೆಗೆ ಮೆತ್ತುವುದು ಏನನ್ನು? ನಿಮ್ಮ ಕಲ್ಲು ಮೂರು ಮಳೆಗಾಲ ಹಾಗೇ ನಿಂತಿತ್ತು ಎಂದಿರಿ. ನೀರು ಸುರಿಯುವ ಮೊದಲೇ ನನಗೆ ಗೊತ್ತಾಯಿತು.’

“ಗೌಂಡಿ ಹಿತ್ತಲಿನ ಗುಡ್ಡೆಯನ್ನು ಗಾಡಿಗೆ ತುಂಬಿಸಿದ. ವ್ಯಾಪಾರಿ ಅಂಗಡಿಯ ಮುಂದಿನ ಕಲ್ಲುಗಳ ಸಾಲಿನ ಎದುರು ಬಂದು ನಿಂತ. ಆಮೇಲೆ ಮುದುಕಿಯನ್ನು ಕೇಳಿದ, ಅವಳನ್ನು ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು: ‘ಇವನ್ನೆಲ್ಲ ಈಗ ಏನು ಮಾಡಲಿ, ಅವ್ವಾ?’

“‘ಮತ್ತೆ ಭಟ್ಟಿಗೆ ಹಾಕಿ. ಬೇಯದ ಕಲ್ಲು ಕೆಟ್ಟ ಕಲ್ಲಲ್ಲ. ಆದರೆ ಈ ಸಲ ಅಂಚಿಗೆ ಇಡಬೇಡಿ. ನಡುವೆ ಇಡಿ.’”

ಗುರುಗಳು ಕತೆ ಮುಗಿಸಿದರು. ರೂತವ್ವ ಕಡೆಯ ಬೆಂಚಿನವರೆಗೂ ಗುಡಿಸಿ ಮುಗಿಸಿದ್ದಳು. ಪೊರಕೆಯನ್ನು ಮೂಲೆಗೆ ಒರಗಿಸಿ, “ಬಾಯಿ ಮುಚ್ಚಿಸಿದರೂ ಆ ಮುದುಕಿ ಹಿತ್ತಲಿಗೆ ಎಸೆಯುವಾಗಲೇ ಹೇಳಿಬಿಡಬೇಕಿತ್ತು ಅಯ್ಯನವರೇ, ಸುಮ್ಮನೆ ಮೂರು ಮಳೆಗಾಲ ಕಳೆದಳು,” ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು.

ಆಮೋಸ ತಲೆ ತಗ್ಗಿಸಿ ಕೂತಿದ್ದ. ಕಡೆಗೆ ಕೇಳಿದ:

“ನನ್ನ ಮೇಲೆ ಬೀಳಬೇಕಾದ ನೀರು ಯಾವುದು? ದೀಕ್ಷಾಸ್ನಾನದ ನೀರು ಆಗಲೇ ಬಿದ್ದಿದೆಯಲ್ಲ, ಅಯ್ಯನವರೇ.”

“ಬಿದ್ದದ್ದು ನಿಜ. ನೆಂದೆ. ಒರೆಸಿಕೊಂಡೆ. ಹೋಗಿ ಮೊದಲ ಬೆಂಚಿನಲ್ಲಿ ಕೂತೆ. ಸುರಿದವನು ನಾನೇ. ನೀನು ಒಡೆದೆಯೋ ಇಲ್ಲವೋ ಎಂದು ಹತ್ತೊಂಬತ್ತು ವರ್ಷ ನಾನೂ ನೋಡಲಿಲ್ಲ. ಮೊದಲ ಬೆಂಚಿನಿಂದ ಬಟ್ಟಲು ಹೊರಡಿಸಿದ ಕೈಯೂ ಇದೇ. ನನ್ನ ಮೇಲಿನ ಬಿಳುಪು ಯಾರ ಪುಡಿಯೋ.”

ಅವರು ಎದ್ದು ಕಪಾಟು ತೆರೆದರು. ಬಟ್ಟಲನ್ನು ಹೊರಗೆ ತೆಗೆದರು. ಮೊದಲ ಬೆಂಚಿನ ಹತ್ತಿರ ಇಡುವುದು ವಾಡಿಕೆ. ಅದನ್ನು ಹಿಡಿದುಕೊಂಡು ಆಮೋಸನನ್ನು ದಾಟಿ, ಬೆಂಚುಗಳ ನಡುವೆ ಕಡೆಯವರೆಗೂ ನಡೆದರು. ಅಲ್ಲಿ ರೂತವ್ವ ಕೂರುವ ಜಾಗದ ಎದುರಿಗೆ ಒಂದು ಪುಟ್ಟ ಮೇಜು ಎಳೆದು, ಅದರ ಮೇಲೆ ಬಟ್ಟಲನ್ನು ಇಟ್ಟರು. ಅಲ್ಲಿಂದಲೇ ಹೇಳಿದರು:

“ನಾಳೆ ಇದು ರೂತವ್ವನ ತುಟಿಯಿಂದ ಹೊರಟು ಎಲ್ಲರ ತುಟಿ ತಾಗಿ ಕಡೆಗೆ ನಿನ್ನ ಕೈಗೆ ಬರುತ್ತದೆ, ಆಮೋಸ, ಆಗ ನಿನ್ನನ್ನು ನೀನು ಪರೀಕ್ಷೆ ಮಾಡಿಕೋ.”