ಯಜಮಾನನಿಲ್ಲದ ನಾಲ್ಕು ಕಂಪ್ಯೂಟರು

ಡಿಪ್ಲೊಮಾ ವಿದ್ಯಾರ್ಥಿನಿ ಚಂಪಕಾ ತನ್ನ ಪ್ರಾಜೆಕ್ಟಿಗೆ ನಾಲ್ಕು ಕಂಪ್ಯೂಟರುಗಳನ್ನು ಜೋಡಿಸಿದ್ದಳು. ದಿನಾ ಎಷ್ಟು ಜನಕ್ಕೆ ಊಟವೆಂದು ಅವು ಹಾಸ್ಟೆಲ್ ಅಡುಗೆಯವರಿಗೆ ತಿಳಿಸುತ್ತಿದ್ದವು. ವೈವಾ ಪರೀಕ್ಷೆಯಲ್ಲಿ ವಿಭಾಗದ ಮುಖ್ಯಸ್ಥರಾದ ಸಿದ್ದವೀರಯ್ಯ ಗುಡುಗಿದರು.

"ಇದರಲ್ಲಿ ಯಜಮಾನ ಯಾವುದು?"

"ಯಾವುದೂ ಅಲ್ಲ ಸರ್. ಒಂದು ಕೆಟ್ಟರೆ ಉಳಿದವು ಕೆಲಸ ಹಂಚ್ಕೊಳ್ತವೆ."

"ಮುಖ್ಯಸ್ಥನೇ ಇಲ್ದೆ ಕೆಲಸ ನಡೆಯುತ್ತೇನಮ್ಮ? ತೋರಿಸು, ಇಲ್ಲಾಂದ್ರೆ ಫೇಲು!"

ಚಂಪಕಾ ಮೆಲ್ಲಗೆ ಕೇಳಿದಳು. "ಮಗಳ ಮದುವೆಗೆ ನೀವು ಹದಿನೈದು ದಿನ ರಜೆ ಹಾಕಿದ್ರಲ್ಲ ಸರ್, ಆಗ ಪಾಠ, ಲ್ಯಾಬು ಏನಾದ್ರೂ ನಿಂತಿತ್ತಾ?"

"ಎಲ್ಲಿ ನಿಲ್ಲುತ್ತೆ? ಮೇಷ್ಟ್ರುಗಳೆಲ್ಲ ಹಂಚ್ಕೊಂಡು..." ಸಿದ್ದವೀರಯ್ಯ ಅರ್ಧಕ್ಕೇ ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು. ಪೂರ್ತಿ ಅಂಕ ಬರೆದು, ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು.

"ಈ ಉದಾಹರಣೆ ಪ್ರಿನ್ಸಿಪಾಲರಿಗೆ ಮಾತ್ರ ಹೇಳ್ಬೇಡಮ್ಮ. ನನಗಿನ್ನೂ ಎರಡು ವರ್ಷ ಸರ್ವೀಸಿದೆ."