ಹುಲ್ಲಿಗೆ ಒಂದು ತಿಂಗಳು ರಜೆ

ಗಾಲ್ಫ್ ಸಂಘದ ಗುಮಾಸ್ತ ಗುರುಬಸಪ್ಪನಿಗೆ ಗಾಲ್ಫಿನಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ: ಚೆಂಡು ಬೆಳ್ಳಗಿರುತ್ತದೆ, ಅಧ್ಯಕ್ಷರು ಕೆಂಪಗಾಗುತ್ತಾರೆ.

ದೇಶದ ದೊಡ್ಡ ಚಾಂಪಿಯನ್‌ಶಿಪ್ ಮೊದಲ ಸಲ ರಾಜ್ಯಕ್ಕೆ ಬಂದಿತ್ತು. ಇನ್ನು ಪ್ರತಿವರ್ಷವೂ ಇಲ್ಲೇ; ನಡೆಸಲು ರಾಜ್ಯದ ನಾಲ್ಕು ಕ್ಲಬ್ಬುಗಳಿಗೆ ವರ್ಷಕ್ಕೊಂದರಂತೆ ಸರದಿ, ಸರದಿಯ ಪಟ್ಟಿ ಬರೆಯುವವನು ಗುರುಬಸಪ್ಪ. ಒಂದು ಕ್ಲಬ್ಬಿನ ಅಧ್ಯಕ್ಷ ನಂಜರಾಜೇ ಅರಸರು ಬಂದು ಅವನ ಮೇಜು ಗುದ್ದಿದರು.

"ಸರದಿ ಗಿರದಿ ಬೇಡ. ಪ್ರತಿವರ್ಷ ನಮ್ಮ ಮೈದಾನದಲ್ಲೇ ಆಗ್ಬೇಕು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

"ಆಗ್ಲಿ ಸ್ವಾಮಿ. ನಾಳೆಯಿಂದ್ಲೇ ಗೇಟಿಗೆ ಬೀಗ ಹಾಕಿಸಿ."

"ಬೀಗ ಯಾಕಯ್ಯ?"

"ಪಂದ್ಯಕ್ಕೆ ಮುಂಚೆ ಹುಲ್ಲಿಗೆ ಒಂದು ತಿಂಗಳು ರಜೆ ಅಂತ ರೂಲ್ಸು ಬಂದಿದೆ. ಸದಸ್ಯರು ಯಾರೂ ಆಡೋ ಹಾಗಿಲ್ಲ."

"ನಾನು ಅಧ್ಯಕ್ಷ ಕಣಯ್ಯ!"

"ಹುಲ್ಲಿಗೆ ಅದು ಗೊತ್ತಾಗಲ್ವಲ್ಲ ಸ್ವಾಮಿ."

ಅರಸರು ತಮ್ಮ ಬೆಳಗಿನ ಆಟ ನೆನೆದರು. ತಮಗೆ ಓಟು ಹಾಕಿದ ಸದಸ್ಯರನ್ನೂ ನೆನೆದರು. ಗಂಟಲು ಸರಿಮಾಡಿಕೊಂಡರು.

"ನೋಡಯ್ಯ, ಎಲ್ಲಾ ಒಬ್ಬರೇ ಬಾಚ್ಕೊಳ್ಳೋದು ಧರ್ಮ ಅಲ್ಲ. ಮೊದಲು ಬೇರೆಯವರಿಗೆ ಕೊಡು."

ಗುರುಬಸಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ. ಸಂಜೆಯೊಳಗೆ ರಜೆಯ ಸುದ್ದಿ ಉಳಿದ ಮೂರು ಕ್ಲಬ್ಬಿಗೂ ಮುಟ್ಟಿತು. ಮೂವರು ಅಧ್ಯಕ್ಷರಿಗೂ ಇದ್ದಕ್ಕಿದ್ದಂತೆ ಅದೇ ಧರ್ಮಬುದ್ಧಿ ಬಂತು.

ಮರುದಿನದಿಂದ ಗುರುಬಸಪ್ಪ ಕೈಮುಗಿದುಕೊಂಡು ಗೇಟಿನಿಂದ ಗೇಟಿಗೆ ಮೈದಾನ ಬೇಡುತ್ತ ಅಲೆದ. ಗಾಲ್ಫಿನ ಮೂರನೇ ಸಂಗತಿ ಅವನಿಗೆ ಆಗ ತಿಳಿಯಿತು: ಜೋರಾಗಿ ಹೊಡೆದವನೇ ಚೆಂಡು ಹುಡುಕಿಕೊಂಡು ನಡೆಯಬೇಕು.