ಬಾಣಂತಿ ಭಟ್ಟಿ

ಬಿಳಿಹಾಳದಿಂದ ಕಲ್ಲುಗಣಿಗೆ ಹೋಗುವ ದಾರಿಯಲ್ಲಿ, ಲಾರಿಗಳ ಧೂಳಿಗೆ ಎಲೆಯೆಲ್ಲ ಬೆಳ್ಳಗಾದ ಬೇವಿನ ಮರ ದಾಟಿದರೆ, ಎದೆಮಟ್ಟ ಉಳಿದ ದುಂಡನೆಯ ಹಾಳುಗೋಡೆ ಕಾಣುತ್ತದೆ. ಅದೇ ಬಾಣಂತಿ ಭಟ್ಟಿ. ಹೊಸಬರು ಹೆಸರು ಕೇಳಿದ ಕೂಡಲೇ ಮುಖ ಸಣ್ಣದು ಮಾಡಿಕೊಂಡು, “ಪಾಪ, ಯಾರನ್ನೋ ಬಲಿ ಕೊಟ್ಟಿರಬೇಕು” ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಣಂತಿ ಎಂದರೆ ಬಲಿಯೇ ಆಗಬೇಕೇ? ಇಲ್ಲಿ ಯಾರೂ ಸಾಯಲಿಲ್ಲ. ಸಾಯಬೇಕಾದ ಜೀವವೊಂದು ಉಳಿಯಿತು, ಅದಕ್ಕೇ ಈ ಹೆಸರು ಬಂತು.

ನಮ್ಮ ನೆಲದ ತುಂಬ ಸುಣ್ಣದ ಕಲ್ಲು. ಇಂದು ಸಿಮೆಂಟ್ ಕಾರ್ಖಾನೆಗೆ ಹೋಗುವ ಈ ಕಲ್ಲನ್ನು ಆಗ ಸುಣಗಾರರು ಭಟ್ಟಿಯಲ್ಲಿ ಸುಡುತ್ತಿದ್ದರು. ಗೋಡೆಯ ಗಾರೆಗೆ, ಚರ್ಮ ಹದ ಮಾಡುವವರಿಗೆ, ಬೆಲ್ಲದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲಿಕ್ಕೆ, ಕಡೆಗೆ ಎಲೆಯಡಿಕೆಗೂ ಅವರ ಸುಣ್ಣವೇ ಬೇಕು. ಸುಟ್ಟ ಕಲ್ಲು ನೋಡಲಿಕ್ಕೆ ಕಲ್ಲೇ, ಎತ್ತಿದರೆ ಮಾತ್ರ ಹಗುರ. ನೀರು ತಾಕಿತೋ, ಕೊತಕೊತ ಕುದಿದು ಅರಳಿ ಹಿಟ್ಟಾಗುತ್ತದೆ. ಆದ್ದರಿಂದ ಮಳೆಯೆಂದರೆ ಅವರಿಗೆ ಎದೆ ಢವಢವ. ಅವರದೊಂದು ಕಟ್ಟಳೆಯೂ ಇತ್ತು. ಹೆರಿಗೆಯಾದ ಹೆಂಗಸು ಭಟ್ಟಿಯ ಹತ್ತಿರ ಸುಳಿಯಬಾರದು. ಸುಳಿದರೆ ಸುಣ್ಣ ಸಾಯುತ್ತದೆ, ಆಮೇಲೆ ಅದರಿಂದ ಕಟ್ಟಿದ ಗೋಡೆ ನಿಲ್ಲುವುದಿಲ್ಲ ಎಂದು ನಂಬಿದ್ದರು.

ಊರಿಗೆ ಇನ್ನೂ ಕೋಟೆಯಿದ್ದ ಕಾಲದಲ್ಲಿ ಈ ಭಟ್ಟಿಯ ಯಜಮಾನಿಕೆ ತಿಪ್ಪವ್ವ ಎಂಬ ವಿಧವೆಯದಾಗಿತ್ತಂತೆ. ಮಹಾ ಗಟ್ಟಿಗಿತ್ತಿ, ಕಟ್ಟಳೆಯ ವಿಷಯದಲ್ಲಂತೂ ಕಲ್ಲು. ಸೊಸೆ ಫಕೀರವ್ವನಿಗೆ ದಿನ ತುಂಬಿದಾಗ ದೂರದ ಬೇವಿನ ಬುಡದಲ್ಲಿ ಗುಡಿಸಲು ಹಾಕಿಸಿದಳು. ಹಸ್ತಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಲೆ ಆರಿತು, ಕಟ್ಟಿಗೆ ನೆನೆಯಿತು, ಬೂದಿಯಲ್ಲಿ ಮುಚ್ಚಿಟ್ಟ ಕೆಂಡವೂ ಹೋಯಿತು. ಹಳ್ಳ ತುಂಬಿ ಊರಿನ ದಾರಿ ಕಟ್ಟಿತು. ಅಂಥ ಒಂದು ಮುಂಜಾವಿನಲ್ಲಿ ಗುಡಿಸಲು ಸೋರುತ್ತಿರುವಾಗಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮೈ ತಣ್ಣಗೆ, ತುಟಿ ನೀಲಿ. ಅಳು ಇಲ್ಲ. ಉಸಿರು ಇದೆಯೋ ಇಲ್ಲವೋ ಎಂಬಂತಿತ್ತು.

ಇಂಥದೇ ಬೇವಿನ ಬುಡದಲ್ಲಿ, ಇಂಥದೇ ಚಳಿಯಲ್ಲಿ ತಿಪ್ಪವ್ವ ತನ್ನ ಚೊಚ್ಚಲು ಕೂಸನ್ನು ಕಳೆದುಕೊಂಡಿದ್ದಳು. ಅದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಕೂಸನ್ನು ಮಡಿಲಿಗೆ ಹಾಕಿಕೊಂಡವಳು ಎದ್ದು ನಿಂತಳು.

“ದುರಗ್ಯಾ, ಆಕಿನ್ನ ಎತ್ಕೋ. ಭಟ್ಟಿಗೆ ನಡಿ” ಎಂದಳು ಮಗನಿಗೆ.

ದುರಗಪ್ಪ ಬೆಪ್ಪಾಗಿ ನಿಂತ. “ಅವ್ವಾ, ಸುಣ್ಣ ಸಾಯ್ತೈತಿ!”

“ಸುಣ್ಣ ಸತ್ತರ ಮತ್ತ ಸುಡೂಣು. ಕೂಸು ಹೋದರ ಏನ್ ಮಾಡ್ತೀಯೋ ಮೂಳಾ? ನಡಿ!”

ಭಟ್ಟಿಯಲ್ಲಿ ಬೆಂಕಿಯಿರಲಿಲ್ಲ, ಆದರೆ ಅದರ ಬಾಯಿಯ ಕಮಾನಿನ ಕೆಳಗೆ ಒಣ ಜಾಗವಿತ್ತು. ತಾಯಿಯನ್ನು ಅಲ್ಲಿ ಮಲಗಿಸಿದರು. ತಿಪ್ಪವ್ವ ಕಮಾನಿನ ಮುಂದೆ ಗುಂಡಿ ತೋಡಿಸಿ, ಹನಿ ತಾಕದಂತೆ ಕಾದಿಟ್ಟ ಸುಟ್ಟಗಲ್ಲನ್ನು ತನ್ನ ಕೈಯಾರೆ ಸುರಿದಳು. ನಡುವೆ ನೀರು ತುಂಬಿದ ಗಡಿಗೆಯಿಟ್ಟು, ಸುತ್ತ ಮಳೆನೀರು ಹೊಯ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಕಲ್ಲು ಚಟಚಟ ಸಿಡಿಯಿತು, ಹಬೆ ಎದ್ದಿತು, ಬೆಂಕಿಯ ಒಂದು ಕಿಡಿಯೂ ಇಲ್ಲದೆ ಗಡಿಗೆಯ ನೀರು ಕಾಯಿತು! ಆ ಬಿಸಿನೀರನ್ನು ಇನ್ನೊಂದು ಗಡಿಗೆಗೆ ತುಂಬಿ, ಸೀರೆ ಸುತ್ತಿ ಬಾಣಂತಿಯ ಬದಿಗಿಟ್ಟಳು, ಬೆಚ್ಚನೆಯ ಅರಿವೆಯಲ್ಲಿ ಕೂಸಿನ ಮೈ ತಿಕ್ಕಿದಳು, ತಿಕ್ಕುತ್ತಲೇ ಬೈದಳು: “ಅಳ, ಅಳ ನನ್ನವ್ವಾ, ಅಳಾಕ ಏನ್ ಧಾಡಿ ನಿನಗ?” ಕೂಸು ಒಮ್ಮೆ ಬಿಕ್ಕಿತು. ಮತ್ತೆ ಬಾಯಿ ಬಿಟ್ಟು ಅತ್ತಿತು. “ಅತ್ತಿತು! ಅತ್ತಿತು!” ಎಂದು ಕೂಗುತ್ತ ಆ ಗಟ್ಟಿಗಿತ್ತಿ ಮಳೆಯಲ್ಲಿ ಕೂತು ತಾನೂ ಹೋ ಎಂದು ಅತ್ತಳು ಎನ್ನುತ್ತಾರೆ.

ಸುಣ್ಣ ಸತ್ತಿತೆಂದು ಆ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಮಳೆ ತಂದ ಮರಳು ಅದರೊಳಗೆ ಬೆರೆಯಿತು. ಮುಂದಿನ ಬೇಸಿಗೆಯಲ್ಲಿ ಬಗೆದು ಬಿಸಾಕಲು ಹೋದ ದುರಗಪ್ಪನ ಗುದ್ದಲಿ ಠಣ್ಣೆಂದು ಹಿಂದಕ್ಕೆ ಹಾರಿತು. ಗಾಳಿ ಕುಡಿದ ಸುಣ್ಣ ತಿರುಗಿ ಕಲ್ಲಾಗಿತ್ತು. ನಡುವೆ ಗಡಿಗೆಯ ತಳ ಕೂತ ದುಂಡು ಗುರುತು ಹಾಗೇ ಇತ್ತು. ತಿಪ್ಪವ್ವ ಅದರ ಮೇಲೆ ಕಾಲಿಟ್ಟು ಒತ್ತಿ ನೋಡಿ, “ಎಲ್ಲಿ ಸತ್ತೈತೋ ಇದು?” ಎಂದಳಂತೆ. ಬೇವಿನ ಬುಡದ ಗುಡಿಸಲನ್ನು ಅವತ್ತೇ ಕೀಳಿಸಿದಳು. ಅಲ್ಲಿಂದಾಚೆ ಸುಣಗಾರರ ಹೆರಿಗೆಯೆಲ್ಲ ಭಟ್ಟಿಯ ಮಗ್ಗುಲಲ್ಲೇ.

ಭಟ್ಟಿ ಆರಿ ಎಷ್ಟು ಕಾಲವಾಯಿತೋ. ದುಂಡು ಗುರುತು ಮಾತ್ರ ಈಗಲೂ ಇದೆ, ಬೇಕಾದವರು ಹೋಗಿ ನೋಡಬಹುದು. ಸುತ್ತಲಿನ ಊರುಗಳ ಬಾಣಂತಿಯರು ಕೂಸನ್ನು ಮೊದಲ ಸಲ ಹೊರಗೆ ತಂದಾಗ ಇಲ್ಲಿಗೆ ಬರುತ್ತಾರೆ. ಹೂವಿಲ್ಲ, ಕಾಯಿಲ್ಲ. ಕೂಸಿನ ಅಂಗಿ ಸರಿಸಿ ಆ ಗುರುತಿನ ಮೇಲೆ ಒಂದು ಗಳಿಗೆ ಮಲಗಿಸುತ್ತಾರೆ. ಕಲ್ಲು ತಣ್ಣಗಿರುತ್ತದೆ, ಕೂಸು ಕಿಟಾರನೆ ಕಿರುಚುತ್ತದೆ. ಸುತ್ತ ನಿಂತ ಹೆಂಗಸರು “ಅತ್ತಿತು! ಅತ್ತಿತು!” ಎಂದು ನಗುತ್ತ ಎತ್ತಿಕೊಳ್ಳುತ್ತಾರೆ.